ಕಾಲು ನೆಲಕ್ಕೆ ಸಿಗಲಿ, ಸಿಸಿ ಆಮೇಲೆ ನೋಡೋಣ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೊದಲ ಬೈಕಿನ ಬಗ್ಗೆಯೇ ಇವೆ. ಹಾಸನದ ನನ್ನ ಗ್ಯಾರೇಜಿಗೆ ಬರುವ ಹುಡುಗ ಹುಡುಗಿಯರು ಕೇಳುವುದೂ ಇದನ್ನೇ. ಹಾಗಾಗಿ ಬೇರೆ ರಿಪೇರಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವತ್ತು ಇದೊಂದನ್ನೇ ಮಾತಾಡುತ್ತೇನೆ.

ಪ್ರಶ್ನೆ: ಅಣ್ಣ, ನಾನು ಅರಸೀಕೆರೆಯವನು. ಹಾಸನದಲ್ಲಿ ಕೆಲಸಕ್ಕೆ ಸೇರಿ ರೂಮ್ ಮಾಡಿದ್ದೇನೆ. ವಾರಕ್ಕೊಮ್ಮೆ ಊರಿಗೆ ಹೋಗಬೇಕು. ಇಲ್ಲಿವರೆಗೆ ಸೈಕಲ್ ಬಿಟ್ಟು ಬೇರೆ ಏನೂ ಓಡಿಸಿಲ್ಲ. ಅಪ್ಪ ಒಂದು ಲಕ್ಷ ಕೊಡುತ್ತಾರೆ, ಉಳಿದದ್ದಕ್ಕೆ ಲೋನ್. ಗೆಳೆಯರು ಕ್ಲಾಸಿಕ್ 350 ತಗೋ, ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡ್ ಡ್ಯೂಕ್ 200 ತಗೋ, ಚಿಕ್ಕ ಬೈಕ್ ತಗೊಂಡ್ರೆ ವರ್ಷದಲ್ಲೇ ಬೇಜಾರಾಗುತ್ತೆ ಅಂತಾರೆ. ಏನು ಮಾಡಲಿ?
— ಒಬ್ಬ ಓದುಗ, ಅರಸೀಕೆರೆ

ಉತ್ತರ: ತಮ್ಮಾ, ನಿನ್ನ ಗೆಳೆಯರು ಹೇಳಿದ ಎರಡೂ ಒಳ್ಳೆಯ ಬೈಕುಗಳೇ. ಆದರೆ ಅವು ಓಡಿಸಲು ಬರುವವರಿಗೆ. ನಿನಗೆ ಈಗ ಬೇಕಾಗಿರುವುದು ಓಡಿಸಲು ಕಲಿಸುವ ಬೈಕು.

ಹೊಸಬರು ಎಲ್ಲಿ ಬೀಳುತ್ತಾರೆ ಅಂತ ಗ್ಯಾರೇಜಿನಲ್ಲಿ ಕೂತರೆ ಚೆನ್ನಾಗಿ ಗೊತ್ತಾಗುತ್ತದೆ. ಬಾಗಿದ ಕ್ಲಚ್ ಲಿವರ್, ಮುರಿದ ಇಂಡಿಕೇಟರ್, ಗೀಚಿದ ಸೈಲೆನ್ಸರ್ ಜೊತೆ ಬರುತ್ತಾರೆ. ಕೇಳಿದರೆ ಹೈವೇಯಲ್ಲಿ ಬಿದ್ದೆ ಅನ್ನುವವರು ಕಡಿಮೆ. ಪೆಟ್ರೋಲ್ ಬಂಕಿನಲ್ಲಿ, ಮನೆ ಗೇಟಿನ ಇಳಿಜಾರಿನಲ್ಲಿ, ಜಲ್ಲಿ ಮೇಲೆ ಯೂ ಟರ್ನ್ ಹೊಡೆಯುವಾಗ ಬಿದ್ದವರೇ ಜಾಸ್ತಿ. ನಿಂತ ಬೈಕು ಒಂದು ಕಡೆ ವಾಲಿದಾಗ ಅದನ್ನು ಹಿಡಿಯಬೇಕಾದದ್ದು ನಿನ್ನ ಒಂದೇ ಕಾಲು. ಸ್ಪ್ಲೆಂಡರ್ ಪ್ಲಸ್ ತೂಕ 112 ಕೆ.ಜಿ. ಕ್ಲಾಸಿಕ್ 350 ತೂಕ 195 ಕೆ.ಜಿ. ಎಂಬತ್ತು ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ. ಓಡುವಾಗ ಆ ತೂಕ ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ. ಬಸ್ ಸ್ಟ್ಯಾಂಡ್ ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತಳ್ಳುವಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಡ್ಯೂಕ್ ವಿಷಯ ಬೇರೆ. ಅದು ಅಷ್ಟು ಭಾರ ಇಲ್ಲ, ಆದರೆ ಎಂಜಿನ್ ಶಕ್ತಿ 25 ಪಿಎಸ್, ಅಂದರೆ ಅಶ್ವಶಕ್ತಿ ಲೆಕ್ಕ. ಸ್ಪ್ಲೆಂಡರ್‌ನದು ಸುಮಾರು 8. ಈ ಮೂರು ಪಟ್ಟು ಏನು ಮಾಡುತ್ತದೆ ಅಂತ ಹೇಳುತ್ತೇನೆ. ಹೊಸಬರು ಕಾಣದ ಹಂಪ್ ಒಂದನ್ನು ಹಾರಿಸಿದಾಗ ಮೈ ಹಿಂದಕ್ಕೆ ಹೋಗುತ್ತದೆ. ಮೈ ಜೊತೆ ಮಣಿಕಟ್ಟೂ ಹಿಂದಕ್ಕೆ ತಿರುಗುತ್ತದೆ. ಅಂದರೆ ಗೊತ್ತಿಲ್ಲದೇ ಎಕ್ಸಲರೇಟರ್ ಕೊಟ್ಟ ಹಾಗಾಯಿತು. ಚಿಕ್ಕ ಬೈಕು ಆಗ ಒಂದು ಸಲ ಗುರ್ ಅನ್ನುತ್ತದೆ, ಅಷ್ಟೇ. ಡ್ಯೂಕ್ ಹಾಗಲ್ಲ, ಮುಂದಿನ ವಾಹನದ ತನಕ ಹೋಗಿ ಬಿಡುತ್ತದೆ. ಕೈ ಪಳಗಿದ ಮೇಲೆ ಇದು ಆಗುವುದಿಲ್ಲ. ಪಳಗುವ ತನಕ ಎಲ್ಲರಿಗೂ ಆಗುತ್ತದೆ.

ಊರೊಳಗೆ ಮಾತ್ರ ಓಡಾಡುವುದಿದ್ದರೆ ಶೈನ್ 125 ತಗೋ ಅನ್ನುತ್ತಿದ್ದೆ. ನೀನು ವಾರ ವಾರ ಲಾರಿ ಬಸ್ಸುಗಳ ಮಧ್ಯೆ ಅರಸೀಕೆರೆಗೆ ಹೋಗುವವನು. ನಿನಗೆ ಯಮಹಾ ಎಫ್‌ಝಡ್ ತರಹದ 150 ಸಿಸಿ ಸರಿ. ತೂಕ 136 ಕೆ.ಜಿ. ಆಸುಪಾಸು, ಶಕ್ತಿ 12.4 ಪಿಎಸ್, ಮುಂದಿನ ಬ್ರೇಕಿಗೆ ಎಬಿಎಸ್ ಇದೆ. ಹೊಸಬರು ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ಹಿಂಡುತ್ತಾರೆ, ಚಕ್ರ ಜಾಮ್ ಆಗಿ ಜಾರುತ್ತದೆ. ಎಬಿಎಸ್ ಅದನ್ನು ತಡೆಯುತ್ತದೆ. 125 ಸಿಸಿ ದಾಟಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಅದನ್ನು ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ.

ಇನ್ನು ಬೇಜಾರಿನ ಮಾತು. ವರ್ಷ ಎರಡು ವರ್ಷ ಓಡಿಸಿದ ಮೇಲೆ ನಿನಗೆ ದೊಡ್ಡದು ಬೇಕು ಅನ್ನಿಸಿದರೆ ಸಂತೋಷ, ಮಾರಿ ತಗೋ. 150 ಸಿಸಿ ಬೈಕಿಗೆ ಗಿರಾಕಿ ಯಾವತ್ತೂ ಇರುತ್ತಾನೆ. 2025ರ ಸೆಪ್ಟೆಂಬರ್‌ನಲ್ಲಿ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದರಿಂದ ಉಳಿದ ದುಡ್ಡನ್ನು ಇನ್ನೂ ದೊಡ್ಡ ಬೈಕಿಗೆ ಹಾಕಬೇಡ. ಒಳ್ಳೆ ಹೆಲ್ಮೆಟ್, ಗ್ಲೌಸ್, ಮಳೆ ಕೋಟಿಗೆ ಹಾಕು. ಶೋರೂಮಿನಲ್ಲಿ ಎಕ್ಸ್-ಶೋರೂಮ್ ಬೆಲೆ ಕೇಳಿ ಲೆಕ್ಕ ಹಾಕಬೇಡ. ರೋಡ್ ಟ್ಯಾಕ್ಸ್, ರಿಜಿಸ್ಟ್ರೇಷನ್, ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎಲ್ಲ ಸೇರಿದ ಆನ್-ರೋಡ್ ಬೆಲೆಯನ್ನು ಕಾಗದದಲ್ಲಿ ಬರೆಸಿಕೋ.

ಪ್ರಶ್ನೆ: ಸರ್, ನಾನು ಹಳ್ಳಿ ಶಾಲೆಯ ಶಿಕ್ಷಕಿ. ಎತ್ತರ ಐದು ಅಡಿ ಒಂದು ಇಂಚು. ಈಗ ಆಕ್ಟಿವಾ ಓಡಿಸುತ್ತೇನೆ. ಕೊನೆಯ ನಾಲ್ಕು ಕಿಲೋಮೀಟರ್ ಮಣ್ಣು ರಸ್ತೆ, ಮಳೆಗಾಲದಲ್ಲಿ ಗುಂಡಿ. ಗೇರ್ ಬೈಕ್ ತಗೊಳ್ಳೋಣ ಅಂತಿದ್ದೇನೆ. ಮನೆಯಲ್ಲಿ ‘ನಿನಗೆ ಕಾಲು ಸಿಗಲ್ಲ, ಸುಮ್ನಿರು’ ಅಂತಾರೆ. ಡ್ರೆಸ್ ತೊಂದರೆ ಇಲ್ಲ, ಚೂಡಿದಾರದಲ್ಲೇ ಹೋಗುತ್ತೇನೆ.
— ಒಬ್ಬ ಓದುಗರು, ಬೇಲೂರು ತಾಲ್ಲೂಕು

ಉತ್ತರ: ಮೇಡಂ, ನಿಮ್ಮ ಯೋಚನೆ ಸರಿಯಾಗಿದೆ. ಗುಂಡಿ ರಸ್ತೆಯಲ್ಲಿ ಚಕ್ರದ ಅಳತೆ ದೊಡ್ಡ ವಿಷಯ. ಆಕ್ಟಿವಾ ಹಿಂದಿನ ಚಕ್ರ 10 ಇಂಚು. ಸ್ಪ್ಲೆಂಡರ್, ಶೈನ್ ಚಕ್ರ 18 ಇಂಚು. ಚಿಕ್ಕ ಚಕ್ರ ಇಳಿದು ಕೂರುವ ಗುಂಡಿಯನ್ನು ದೊಡ್ಡ ಚಕ್ರ ದಾಟಿಕೊಂಡು ಹೋಗುತ್ತದೆ.

ಕಾಲಿನ ವಿಷಯಕ್ಕೆ ಬರೋಣ. ಸ್ಪ್ಲೆಂಡರ್ ಸೀಟಿನ ಎತ್ತರ 785 ಮಿ.ಮೀ. ಶೈನ್ 125ರದು 791. ನಿಮ್ಮ ಆಕ್ಟಿವಾದ್ದು 764. ಅಂದರೆ ಎರಡು ಮೂರು ಸೆಂಟಿಮೀಟರ್ ಅಷ್ಟೇ ಹೆಚ್ಚು. ಸ್ಕೂಟರ್ ಸೀಟು ಅಗಲ, ತೊಡೆ ಹರಡಿ ಕೂರಬೇಕು. ಬೈಕಿನ ಸೀಟು ಮುಂದೆ ಸಣ್ಣದಾಗಿರುತ್ತದೆ, ಕಾಲು ನೇರ ಕೆಳಗೆ ಇಳಿಯುತ್ತದೆ. ಹಾಗಾಗಿ ಆ ವ್ಯತ್ಯಾಸ ಇನ್ನೂ ಕಡಿಮೆಯಾಗುತ್ತದೆ. ಎಕ್ಸ್‌ಪಲ್ಸ್ ತರಹದ 825 ಮಿ.ಮೀ. ಸೀಟಿನ ಬೈಕು ಮಾತ್ರ ಸದ್ಯಕ್ಕೆ ಬೇಡ, ಮಣ್ಣು ರಸ್ತೆಗೆ ಅದೇ ಸರಿ ಅಂತ ಯಾರಾದರೂ ಹೇಳಿದರೂ.

ಎರಡೂ ಪಾದ ಪೂರ್ತಿ ಊರಬೇಕು ಅಂತೇನಿಲ್ಲ. ಎಡಗಾಲಿನ ಪಾದ ಗಟ್ಟಿಯಾಗಿ ಊರಬೇಕು. ಯಾಕೆಂದರೆ ಏರಿನಲ್ಲಿ ನಿಂತಾಗ ಬಲಗಾಲು ಹಿಂದಿನ ಬ್ರೇಕ್ ಮೇಲೆ ಇರುತ್ತದೆ. ಆಗ ಬೈಕನ್ನು ಹಿಡಿಯುವುದು ಎಡಗಾಲೊಂದೇ. ಇಲ್ಲೊಂದು ವಿಷಯ ಗಮನಿಸಿ. ಮಳೆ ನೀರು ಹರಿಯಲಿ ಅಂತ ರಸ್ತೆಯನ್ನು ಮಧ್ಯದಲ್ಲಿ ಎತ್ತರ, ಅಂಚಿನಲ್ಲಿ ತಗ್ಗು ಮಾಡಿರುತ್ತಾರೆ. ನಾವು ಓಡಿಸುವುದು ಎಡ ಅಂಚಿನಲ್ಲಿ. ಹಾಗಾಗಿ ಎಡಗಾಲಿಗೆ ಸಿಗುವ ನೆಲ ಯಾವಾಗಲೂ ಸ್ವಲ್ಪ ಕೆಳಗೇ ಇರುತ್ತದೆ. ಶೋರೂಮಿನ ಸಮತಟ್ಟಾದ ಟೈಲ್ಸ್ ಮೇಲೆ ಕೂತು ಕಾಲು ಸಿಕ್ಕಿತು ಅಂತ ತೀರ್ಮಾನ ಮಾಡಬೇಡಿ. ಬೈಕನ್ನು ಹೊರಗೆ ರಸ್ತೆ ಪಕ್ಕ ತರಿಸಿ, ಶಾಲೆಗೆ ಹಾಕುವ ಚಪ್ಪಲಿ ಅಥವಾ ಶೂನಲ್ಲೇ ಕೂತು ನೋಡಿ. ನಾಚಿಕೆ ಬೇಡ, ದುಡ್ಡು ಕೊಡುವವರು ನೀವು.

ನಿಮ್ಮ ಲೈಸೆನ್ಸ್ ತೆಗೆದು ನೋಡಿ. ಗೇರ್ ಇಲ್ಲದ ವಾಹನಕ್ಕೆ ಮಾತ್ರ ಇದ್ದರೆ ಗೇರ್ ಬೈಕ್ ಓಡಿಸುವಂತಿಲ್ಲ. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿ, 30 ದಿನ ಆದ ಮೇಲೆ ಟೆಸ್ಟ್ ಕೊಟ್ಟು ಸೇರಿಸಿಕೊಳ್ಳಿ. ಟೆಸ್ಟಿಗಾಗಿ ಎಂಟರ ಆಕಾರದಲ್ಲಿ ಓಡಿಸಿ ಅಭ್ಯಾಸ ಮಾಡುವಾಗ ಕ್ಲಚ್ಚನ್ನು ಅರ್ಧ ಹಿಡಿದು ಬೈಕನ್ನು ನಡಿಗೆ ವೇಗದಲ್ಲಿ ಬಿಡುವುದನ್ನು ಕಲಿಯುತ್ತೀರಿ. ಕೆಸರು ದಾರಿಗೆ ಬೇಕಾದ ವಿದ್ಯೆಯೂ ಅದೇ. ಮನೆಯವರಿಗೆ ಈ ಪುಟ ತೋರಿಸಿ.

ಪ್ರಶ್ನೆ: ಮಗ ಎರಡನೇ ಪಿಯುಸಿ, 17 ತುಂಬಿದೆ. ಒಂದು ಚಿಕ್ಕ ಬೈಕ್ ಕೊಡಿಸಬಹುದಾ?
— ಒಬ್ಬ ತಂದೆ, ಚನ್ನರಾಯಪಟ್ಟಣ

ಉತ್ತರ: ಬೇಡ ಯಜಮಾನ್ರೇ. ಗೇರ್ ಬೈಕಿಗೆ 18 ತುಂಬಲೇಬೇಕು. ಅದಕ್ಕೆ ಮುಂಚೆ ಓಡಿಸಿ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಂ ಪ್ರಕಾರ ತಪ್ಪಿತಸ್ಥರು ನೀವು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಬೈಕಿನ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಸಿಗುವುದಿಲ್ಲ. ಪರೀಕ್ಷೆ ಮುಗಿಯಲಿ, ಹುಟ್ಟುಹಬ್ಬ ಬರಲಿ. ಆಮೇಲೆ ಅವನನ್ನು ಕರೆದುಕೊಂಡು ಗ್ಯಾರೇಜಿಗೆ ಬನ್ನಿ, ಕೂತು ಮಾತಾಡೋಣ.

ಪ್ರಶ್ನೆ: ಅಣ್ಣ, ಬ್ರೋಕರ್ ಒಬ್ಬರು 2018ರ ಪಲ್ಸರ್ 150 ತೋರಿಸಿದ್ದಾರೆ. ಮೀಟರ್ 32 ಸಾವಿರ ಕಿಲೋಮೀಟರ್ ತೋರಿಸುತ್ತೆ. ಅಪ್ಪನ ಸ್ಪ್ಲೆಂಡರ್‌ನಲ್ಲಿ ಕಲಿತಿದ್ದೇನೆ. ಏನೇನು ನೋಡಬೇಕು?
— ಒಬ್ಬ ಓದುಗ, ತಿಪಟೂರು

ಉತ್ತರ: ಮೊದಲು ಒಂದು ಮಾತು. 2018ರ ಪಲ್ಸರ್ 150ರಲ್ಲಿ ಎಬಿಎಸ್ ಇರಲಾರದು. ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, 2019ರ ಏಪ್ರಿಲ್ ನಂತರದ ಗಾಡಿ ಹುಡುಕು. ಮೊದಲ ಬೈಕು ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗಾಡಿ ನೋಡಲು ಹೋಗುವಾಗ ‘ಸ್ಟಾರ್ಟ್ ಮಾಡಬೇಡಿ, ನಾನು ಬಂದ ಮೇಲೆ ಮಾಡಿ’ ಅಂತ ಫೋನಿನಲ್ಲೇ ಹೇಳು. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡು. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಸ್ಟಾರ್ಟ್ ಆದ ಮೇಲೆ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ. ಅಂಥದ್ದು ಬೇಡ.

ಮೀಟರನ್ನು ನಂಬಬೇಡ, ರಬ್ಬರನ್ನು ನಂಬು. ಫುಟ್‌ರೆಸ್ಟ್, ಗೇರ್ ಲಿವರ್, ಹ್ಯಾಂಡಲ್ ಗ್ರಿಪ್ ರಬ್ಬರ್ ಸವೆದು ನುಣ್ಣಗಾಗಿದ್ದು, ಮೀಟರ್ ಮಾತ್ರ ಕಡಿಮೆ ತೋರಿಸಿದರೆ ಏನೋ ಆಗಿದೆ. ಬ್ರೇಕ್, ಕ್ಲಚ್ ಲಿವರಿನ ತುದಿ ನೋಡು. ಗಾಡಿ ಬಿದ್ದಿದ್ದರೆ ಅಲ್ಲಿ ತರಚು ಇರುತ್ತದೆ. ದೊಡ್ಡ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲನ್ನು ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸು. ಮಧ್ಯದಲ್ಲಿ ಕಟ್ ಅಂತ ಹಿಡಿದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್, ಹೋಗಿದೆ. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಒತ್ತು, ಪೈಪಿನ ಮೇಲೆ ಎಣ್ಣೆ ಗೆರೆ ಮೂಡಿದರೆ ಆಯಿಲ್ ಸೀಲ್ ಬದಲಿಸಬೇಕು. ಇವೆರಡೂ ಸಣ್ಣ ಖರ್ಚು, ಚೌಕಾಸಿಗೆ ಬಳಸಿಕೋ. ಆದರೆ ಗಾಡಿಯ ಹಿಂದೆ ನೆಲದ ಮೇಲೆ ಕೂತು ನೋಡಿದಾಗ ಎರಡು ಚಕ್ರ ಒಂದೇ ಗೆರೆಯಲ್ಲಿ ಕಾಣದಿದ್ದರೆ ಬೆಲೆ ಎಷ್ಟೇ ಇಳಿಸಲಿ, ವಾಪಸ್ ಬಾ.

ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ಮಾಡಿದ್ದು ಅಂತ. ಹೊಳಪು ಹಚ್ಚಿ ಹೊಸದರ ಹಾಗೆ ಕಾಣಿಸಿದರೂ ಹಳೆ ರಬ್ಬರ್ ಗಟ್ಟಿಯಾಗಿ, ಮಳೆಯಲ್ಲಿ ಜಾರುತ್ತದೆ.

ಕಾಗದದ ಕೆಲಸದಲ್ಲಿ ಬ್ರೋಕರ್ ಮಾತು ಕೇಳಬೇಡ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರನ್ನು ಗಾಡಿ ಮೇಲಿನದರ ಜೊತೆ ನೀನೇ ಓದಿ ತಾಳೆ ನೋಡು. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಲೋನ್ ಬಾಕಿ ನೋಡು. ಲೋನ್ ಇದ್ದದ್ದಾದರೆ, ಅದು ತೀರಿದೆ ಅನ್ನುವುದಕ್ಕೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬೇಕು. ಹೆಸರು ಬದಲಾಯಿಸಲು ಫಾರಂ 29, 30. ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ‘ನಿಧಾನಕ್ಕೆ ಮಾಡಿಸ್ಕೊಳ್ಳಿ’ ಅಂದರೆ ಒಪ್ಪಬೇಡ. ಹೆಸರಿಗೆ ಆಗುವ ತನಕ ಸ್ವಲ್ಪ ದುಡ್ಡು ಹಿಡಿದಿಟ್ಟುಕೋ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕು.

ಕೊನೆಗೆ ಗೇರ್ ವಿಷಯ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರ್ ಮುಂದಕ್ಕೇ ಒತ್ತಿ ಕಲಿತಿದ್ದೀಯ. ಪಲ್ಸರ್‌ನಲ್ಲಿ ಒಂದು ಕೆಳಗೆ, ಉಳಿದ ನಾಲ್ಕು ಮೇಲೆ. ಮೇಲಿನ ಗೇರ್ ಹಾಕಲು ಹೋಗಿ ಅಭ್ಯಾಸಬಲದಲ್ಲಿ ಕೆಳಗೆ ಒತ್ತಿದರೆ ಹಿಂದಿನ ಚಕ್ರ ಎಳೆದು ಹಿಡಿದ ಹಾಗಾಗುತ್ತದೆ. ಖಾಲಿ ಮೈದಾನದಲ್ಲಿ ಕಾಲಿಗೆ ಹೊಸ ಅಭ್ಯಾಸ ಆಗುವ ತನಕ ರಸ್ತೆಗೆ ಇಳಿಯಬೇಡ.

ಪ್ರಶ್ನೆ: ಹೆಲ್ಮೆಟ್ ಶೋರೂಮಿನವರು ಫ್ರೀ ಕೊಡ್ತಾರಲ್ಲ, ಸಾಕಲ್ವಾ?
— ಒಬ್ಬ ಓದುಗ, ಸಕಲೇಶಪುರ

ಉತ್ತರ: ನಿಮ್ಮ ತಲೆಗೆ ಸರಿಯಾಗಿ ಕೂತರೆ ಸಾಕು. ಹೆಚ್ಚಿನ ಸಲ ಕೂರುವುದಿಲ್ಲ. ಹುಬ್ಬಿನ ಮೇಲಿಂದ ತಲೆ ಸುತ್ತ ಟೇಪ್ ಹಿಡಿದು ಅಳತೆ ತೆಗೆದುಕೊಳ್ಳಿ. ಹಾಕಿ ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆ ಜೊತೆಗೇ ತಿರುಗಬೇಕು. ಐಎಸ್‌ಐ ಗುರುತು ಇರಲೇಬೇಕು, 2021ರ ಜೂನ್‌ನಿಂದ ಅದಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಅರ್ಧ ತಲೆ ಮುಚ್ಚುವ ಟೋಪಿಯಂಥದ್ದನ್ನು ದಯವಿಟ್ಟು ತಗೋಬೇಡಿ. ಗಲ್ಲ, ದವಡೆಗೆ ಪೆಟ್ಟಾದವರನ್ನು ನಾನು ನೋಡಿದ್ದೇನೆ. ಹಿಂದೆ ಕೂರುವವರಿಗೂ ಅಷ್ಟೇ ಒಳ್ಳೆಯದು ಬೇಕು.

ಪ್ರಶ್ನೆ: ಹೊಸ ಶೈನ್ ಬಂದಿದೆ, ಲೈಸೆನ್ಸೂ ಬಂದಿದೆ. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆ ತುಂಬ ರಾಗಿ, ಹುರುಳಿ ಹಾಸಿರುತ್ತಾರೆ. ಅದರ ಮೇಲೆ ಹೇಗೆ ಓಡಿಸೋದು?
— ಒಬ್ಬ ಓದುಗಿ, ಕಡೂರು

ಉತ್ತರ: ತಂಗಿ, ಬಹಳ ಒಳ್ಳೆಯ ಪ್ರಶ್ನೆ. ಡ್ರೈವಿಂಗ್ ಸ್ಕೂಲಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹುಲ್ಲಿನ ಕೆಳಗೆ ಕಾಳು ಉರುಳುತ್ತಿರುತ್ತದೆ, ಟೈರಿಗೆ ಹಿಡಿತವೇ ಇರುವುದಿಲ್ಲ. ದೂರದಿಂದ ಕಂಡ ಕೂಡಲೇ, ಟಾರು ರಸ್ತೆ ಮೇಲಿರುವಾಗಲೇ ಬ್ರೇಕ್ ಹಾಕಿ ವೇಗ ಇಳಿಸಿಕೋ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದೊಂದು ಸೆಕೆಂಡಿಗೂ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೀಯ, ಹಾಗಾಗಿ ಬೇಗ ಶುರು ಮಾಡು. ಎರಡನೇ ಗೇರಿಗೆ ತಂದು, ಹ್ಯಾಂಡಲ್ ನೇರ ಇಟ್ಟು, ಒಂದೇ ಸಮನಾಗಿ ದಾಟು. ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡ, ತಿರುಗಿಸಬೇಡ. ಪಕ್ಕದಲ್ಲಿ ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟಿದ್ದು, ಎದುರಿನಿಂದ ಯಾರೂ ಬರದಿದ್ದರೆ ಅಲ್ಲೇ ಹೋಗು.

ದಾಟಿದ ಮೇಲೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡು. ಸೈಲೆನ್ಸರ್ ಹತ್ತಿರ ಒಣಹುಲ್ಲು ಸಿಕ್ಕಿಕೊಂಡಿದ್ದರೆ ಕಡ್ಡಿಯಿಂದ ತೆಗೆ, ಬಿಸಿಗೆ ಹೊತ್ತಿಕೊಳ್ಳಬಹುದು. ಚೈನ್, ಹಿಂದಿನ ಚಕ್ರದ ಸಂದಿಯಲ್ಲಿ ಹುರುಳಿ ಬಳ್ಳಿ ಸುತ್ತಿದ್ದರೆ ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಾ ನಿಧಾನಕ್ಕೆ ಬಿಡಿಸು. ಚೈನ್ ಮತ್ತು ಸ್ಪ್ರಾಕೆಟ್ ಸೇರುವ ಕಡೆ ಬೆರಳು ಹಾಕಬೇಡ.