ಬೇಡ ಎಂದದ್ದು, ಹೋಗದೇ ಉಳಿದದ್ದು

(ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬರ ಕಥೆ ಇದು. ಗುರುತು ಸಿಗದಂತೆ ವಯಸ್ಸು, ವೃತ್ತಿ, ಸಂಬಂಧದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

58 ವರ್ಷದ ಅವರನ್ನು ನನ್ನ ಬಳಿ ಕಳಿಸಿದ್ದು ಮಗ. 24ರ ಹುಡುಗನ ಮುಂದೆ ಎರಡು ಕೆಲಸಗಳಿದ್ದವು. ಅಪ್ಪನೋ ಕೂತರೂ ನಿಂತರೂ "ನನ್ನ ಹಾಗೆ ಆಮೇಲೆ ಕೊರಗಬೇಡ" ಎನ್ನುತ್ತ ಅವನಿಗೆ ಯಾವ ಕಡೆಗೂ ಹೆಜ್ಜೆ ಇಡಲು ಬಿಡುತ್ತಿರಲಿಲ್ಲ.

ಕೊರಗಿನ ಕಥೆ ಇಷ್ಟು. 29ನೇ ವಯಸ್ಸಿನಲ್ಲಿ ಆಪ್ತ ಗೆಳೆಯ ವ್ಯಾಪಾರದಲ್ಲಿ ಪಾಲುದಾರನಾಗು ಎಂದು ಕರೆದಿದ್ದ. ಇವರು ಬೇಡ ಎಂದರು. ಗೆಳೆಯ ಮೇಲೆ ಬಂದ, ಇವರು ಸಂಬಳದ ಕೆಲಸದಲ್ಲೇ ಉಳಿದರು. ನಿವೃತ್ತಿ ಹತ್ತಿರವಾದಂತೆ ರಾತ್ರಿ ಮೂರಕ್ಕೆ ಎಚ್ಚರವಾಗುವುದು, ಬೆಳಗಾಗುವವರೆಗೆ ಅದೇ ಲೆಕ್ಕಾಚಾರ.

"ಕೆಟ್ಟ ಮೇಲೆ ಬುದ್ಧಿ ಬಂತು ನೋಡಿ ಮೇಡಂ. ಸಾಯೋವಾಗ ಒಂದೂ ಪಶ್ಚಾತ್ತಾಪ ಇರಬಾರದು, ಅದಕ್ಕೇನಾದ್ರೂ ದಾರಿ ಹೇಳಿ."

ಸಾವಿನ ಮಾತು ಬಂದರೆ ಕೇಳದೆ ಬಿಡುವಂತಿಲ್ಲ. ಬದುಕು ಬೇಡ ಅನ್ನಿಸಿದ್ದುಂಟೇ, ಊಟ ಸೇರುತ್ತದೆಯೇ, ಎರಡು ವಾರಕ್ಕೂ ಮೀರಿ ದಿನವಿಡೀ ಮನಸ್ಸು ಮಂಕಾಗಿದೆಯೇ ಎಂದು ನೇರವಾಗಿಯೇ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಮೊದಲು ಮನೋವೈದ್ಯರ ಬಳಿಗೆ ಕಳಿಸುತ್ತಿದ್ದೆ.

ಅವರ ಬೇಡಿಕೆಯನ್ನು ಮಾತ್ರ ನಾನು ಒಪ್ಪಲಿಲ್ಲ. ಯಾವುದಕ್ಕೂ ಪಶ್ಚಾತ್ತಾಪ ಪಡದವರು ಎದುರಿಗೆ ಕೂತರೆ ನನಗೆ ದಿಗಿಲಾಗುತ್ತದೆ. ಇನ್ನೊಬ್ಬರಿಗೆ ನೋವಾದದ್ದು ಅವರಿಗೆ ತಟ್ಟಿಯೇ ಇಲ್ಲವೇನೋ ಅನ್ನಿಸುತ್ತದೆ. ಕೊರಗಿನಲ್ಲೂ ಸರಿಪಡಿಸಬಹುದಾದದ್ದು, ಬರೀ ಹೊತ್ತುಕೊಂಡು ಇರಬೇಕಾದದ್ದು ಎಂದು ಎರಡಿವೆ. ಅವನ್ನು ಬೇರೆ ಮಾಡೋಣ ಎಂದೆ.

ಬೇಡ ಎಂದ ಆ ವಾರದಲ್ಲಿ ನಿಮಗೆ ಏನೇನು ಗೊತ್ತಿತ್ತೋ ಅದನ್ನಷ್ಟೇ ಬರೆಯಿರಿ ಎಂದು ಕಾಗದ ಕೊಟ್ಟೆ. ಅಪ್ಪನ ಸಾಲ ಬಾಕಿ. ಹೆಂಡತಿ ಆರು ತಿಂಗಳ ಬಸುರಿ. ಕೂಡಿಟ್ಟ ಹಣ ಮೂರು ತಿಂಗಳಿಗೆ ಸಾಲದು. ಗೆಳೆಯನ ಹಿಂದಿನ ಅಂಗಡಿ ಮುಚ್ಚಿತ್ತು. ಅಷ್ಟು ಬರೆದು ಪೆನ್ನು ಕೆಳಗಿಟ್ಟರು. ಗೆಳೆಯ ಗೆದ್ದ ಎಂಬುದನ್ನು ಆ ಹಾಳೆಯಲ್ಲಿ ಬರೆಯಲು ಸಾಧ್ಯವೇ ಇರಲಿಲ್ಲ. ಫಲಿತಾಂಶ ತಿಳಿದ ಮೇಲೆ 'ಅದು ಆಗಲೇ ಕಾಣುತ್ತಿತ್ತು' ಎಂದು ಮನಸ್ಸು ನಂಬಿಸುತ್ತದೆ. ಮನೋವಿಜ್ಞಾನಿ ಬರೂಕ್ ಫಿಶಾಫ್ 1975ರಲ್ಲೇ ಇದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ. ಇವರಂತೂ 29ರ ಯುವಕನಿಗೆ 58ರ ಕಣ್ಣಿಟ್ಟು, ಯಾಕೆ ಕಾಣಲಿಲ್ಲ ಎಂದು ಬೈಯುತ್ತ ಬಂದಿದ್ದರು.

ಮುಂದಿನ ಭೇಟಿಯಲ್ಲಿ, ಪಾಲುದಾರನಾಗಿದ್ದರೆ ಒಂದು ಸಾಮಾನ್ಯ ಮಂಗಳವಾರ ಹೇಗಿರುತ್ತಿತ್ತು ಹೇಳಿ ಎಂದೆ. ದೊಡ್ಡ ಕಾರಿನಿಂದ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಬಾಕಿ ಕೊಡದೆ ಸತಾಯಿಸುವ ಗಿರಾಕಿ ಬಂದ. ಸಂಜೆಗೆ ಪಾಲುದಾರನ ಜೊತೆ ಜಗಳ. "ಅವನ ಜೊತೆ ನಂದು ನಡೀತಿರಲಿಲ್ಲ ಬಿಡಿ, ಅವನಿಗೆ ಯಾವುದಕ್ಕೂ ತಾಳ್ಮೆ ಇಲ್ಲ" ಎಂದು ನಕ್ಕರು. ನಕ್ಕವರು ಹಾಗೇ ಸುಮ್ಮನಾದರು. "ಅವನ ಹೆಂಡತಿ ತೀರಿಕೊಂಡಾಗ ನಾನು ಹೋಗ್ಲಿಲ್ಲ."

ನಿಜವಾದ ವಿಷಯ ಆಗ ಹೊರಬಂತು. ಗೆಳೆಯ ಬೆಳೆದಂತೆಲ್ಲ ಇವರು ಫೋನು ಎತ್ತುವುದನ್ನು ಕಡಿಮೆ ಮಾಡಿದ್ದರು. ಹೊಟ್ಟೆಕಿಚ್ಚು ಎಂದು ಅವರೇ ಹೇಳಿದರು, ನಾನು ಹೇಳಿಸಲಿಲ್ಲ. ಮನೋವಿಜ್ಞಾನಿಗಳಾದ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1995ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೇಳುವಂತೆ, ಮಾಡಿದ ತಪ್ಪು ಆ ಕ್ಷಣಕ್ಕೆ ಹೆಚ್ಚು ಉರಿದರೂ ವರ್ಷಗಳು ಕಳೆದಂತೆ ಕಾಡುವುದು ಹೆಚ್ಚಾಗಿ ಮಾಡದೆ ಬಿಟ್ಟದ್ದೇ. ಇವರಲ್ಲಿ ಅಂಥವು ಎರಡಿದ್ದವು. ವ್ಯಾಪಾರದ್ದನ್ನು ಎಲ್ಲರ ಮುಂದೆ ಹೇಳಿಕೊಳ್ಳಬಹುದಿತ್ತು. ಇದನ್ನು ಹೇಳಿಕೊಳ್ಳಲು ನಾಚಿಕೆ.

ಗೆಳೆಯ ಬದುಕಿದ್ದಾನೆ, ನಂಬರೂ ಇದೆ. ಹಾಗಾಗಿ ಸಲಹೆ ಕೊಡುವುದು ಸುಲಭವಾಯಿತು: ಅವರಿಗೆ ಫೋನು ಮಾಡಿ. "ಬರಬೇಕಿತ್ತು, ಬರಲಿಲ್ಲ, ತಪ್ಪು ನನ್ನದು" ಎಂದಷ್ಟೇ ಹೇಳಿ. "ಆದರೆ" ಎಂದು ಮಾತು ಮುಂದುವರಿಸಬೇಡಿ, ಆಗಿನ ಕಷ್ಟಗಳನ್ನು ವಿವರಿಸಬೇಡಿ. ಕ್ಷಮಿಸು ಎಂದು ಕೇಳಿ, ಕ್ಷಮಿಸಿದೆಯಾ ಎಂದು ಕೇಳಬೇಡಿ. ಅವರು ಬೈದರೆ ಬೈಸಿಕೊಳ್ಳಿ.

ರಾತ್ರಿಯ ಲೆಕ್ಕಾಚಾರಕ್ಕೆ ಸಂಜೆ ಹದಿನೈದು ನಿಮಿಷ ಗೊತ್ತು ಮಾಡಿದೆ: ಕೊರಗುವುದೆಲ್ಲ ಆಗಲೇ, ಅದೂ ಬರೆದು. ಎಚ್ಚರವಾಗಿ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲೇ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗಷ್ಟೇ ಮತ್ತೆ ಮಲಗುವುದು. ಮಗ ಕೇಳುವವರೆಗೂ ಅವನ ಕೆಲಸದ ವಿಷಯ ಎತ್ತಬಾರದು. ಕೇಳಿದರೆ ಆ ಹಾಳೆಯಲ್ಲಿರುವುದನ್ನು ಹೇಳಬೇಕು, ಏನು ಮಾಡಬೇಕೆಂದು ಹೇಳಬಾರದು. ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ.

ಫೋನು ಮಾಡಲು ಮೂರು ವಾರ ಹಿಡಿಯಿತು. ಗೆಳೆಯ ಚೆನ್ನಾಗಿಯೇ ಬೈದರಂತೆ, ಆಮೇಲೆ ಮನೆಗೆ ಬಾ ಎಂದರಂತೆ. ಮೊದಲಿನ ಸಲುಗೆ ಬಂದಿಲ್ಲ. ನಿದ್ದೆ ಬಹುಮಟ್ಟಿಗೆ ಸುಧಾರಿಸಿದೆ. ವ್ಯಾಪಾರದ ಹಳಹಳಿ ಆಗಾಗ ಬರುತ್ತದೆ, ಅದನ್ನು ಅಳಿಸಿಹಾಕುವ ಗುರಿಯನ್ನು ನಾವು ಇಟ್ಟುಕೊಂಡೂ ಇರಲಿಲ್ಲ. ಮಗ ಸಂಬಳ ಕಡಿಮೆ ಇರುವ ಕೆಲಸವನ್ನೇ ಆರಿಸಿಕೊಂಡ. ಅಪ್ಪನ ಪ್ರಕಾರ ಅದು ತಪ್ಪು. ಹಾಗೆಂದು ನನ್ನ ಹತ್ತಿರ ಹೇಳಿದರು, ಅವನಿಗೆ ಹೇಳಿಲ್ಲವಂತೆ.