ಹ್ಯಾವ್‌ಲಾಕ್‌ಗೆ ಲ್ಯಾಬ್ರಡಾರ್ ಕರೆದೊಯ್ಯುವ ಮುಂಚೆ

ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ (ಈಗಿನ ಹೆಸರು ಸ್ವರಾಜ್ ದ್ವೀಪ) ರಾತ್ರಿ ನಾಯಿಗೆ ಹುಷಾರು ತಪ್ಪಿದರೆ ಏನು ಗತಿ ಅಂತ ಕೇಳಿದ್ದೀರಿ. ತೊಡಕು ಬರುವುದು ಹೆಚ್ಚಾಗಿ ಫೆರಿಯಿಂದ: ಕತ್ತಲಾದ ಮೇಲೆ ಪಶುವೈದ್ಯರಿರುವ ಪೋರ್ಟ್ ಬ್ಲೇರ್‌ಗೆ (ಈಗ ಶ್ರೀ ವಿಜಯ ಪುರಂ) ದೋಣಿ ಸಿಗುವುದಿಲ್ಲ, ಮಳೆಗಾಲದಲ್ಲಿ ಕಡಲು ಕೆಟ್ಟರೆ ಹಗಲಲ್ಲೂ ರದ್ದಾಗುತ್ತದೆ. ಒಂದೆರಡು ದಿನ ನೀವೇ ನಿಭಾಯಿಸುವ ತಯಾರಿ ಬೇಕು.

ಮೊದಲು ಈಗಿನ ಡಾಕ್ಟರ ಹತ್ತಿರ ಲಸಿಕೆಗಳನ್ನೆಲ್ಲ ಮುಗಿಸಿ, ಉಣ್ಣಿ (ಟಿಕ್) ಕಡಿತದಿಂದ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ವಾಂತಿ, ಭೇದಿ, ಅಲರ್ಜಿಗೆ ನಾಯಿಯ ತೂಕಕ್ಕೆ ತಕ್ಕ ಔಷಧಿ ಪ್ರಮಾಣ ಬರೆಸಿಕೊಳ್ಳಿ. ವಿಡಿಯೊ ಕರೆಗೆ ಸಿಗುತ್ತಾರಾ ಅಂತಲೂ ಕೇಳಿ. ಆ ಚೀಟಿ ನಿಮ್ಮ ಕಿಟ್‌ನಲ್ಲಿ ಎಲ್ಲಕ್ಕಿಂತ ಮುಖ್ಯ. ಜೊತೆಗೆ ಥರ್ಮಾಮೀಟರ್, ಬ್ಯಾಂಡೇಜ್, ಉಣ್ಣಿ ಕೀಳುವ ಚಿಮುಟ, ಮೂರು ತಿಂಗಳ ಉಣ್ಣಿ ಔಷಧಿ. ಮನುಷ್ಯರ ಐಬುಪ್ರೊಫೇನ್ ಮಾತ್ರ ದಯವಿಟ್ಟು ಕೊಡಬೇಡಿ, ಅದು ನಾಯಿಗೆ ವಿಷ.

ಟಿಕೆಟ್ ಕೊಳ್ಳುವ ಮುಂಚೆ ನಾಯಿ ಹತ್ತಿಸುತ್ತಾರಾ ಕೇಳಿ, ಕೆಲವು ಖಾಸಗಿ ಫೆರಿಗಳು ಒಪ್ಪದಿರಬಹುದು. ಪೋರ್ಟ್ ಬ್ಲೇರ್‌ನಲ್ಲಿ ಇಳಿದ ದಿನವೇ ಅಲ್ಲಿನ ಪಶುವೈದ್ಯರಿಗೆ ನಾಯಿ ತೋರಿಸಿ, ನಂಬರ್ ತೆಗೆದುಕೊಳ್ಳಿ.

ಬೀಚಿಗೆ ಹೋದಾಗಲೆಲ್ಲ ಸಿಹಿನೀರು ಒಯ್ಯಿರಿ. ಲ್ಯಾಬ್ರಡಾರ್‌ಗಳು ಉಪ್ಪುನೀರು ಕುಡಿದು ಕಾಯಿಲೆ ಬೀಳುತ್ತವೆ. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ವಸಡು ಬಿಳಿಚಿದರೆ, ಹೊಟ್ಟೆ ಉಬ್ಬಿ ಬರೀ ಓಕರಿಸುತ್ತಿದ್ದರೆ ಕಾಯಬೇಡಿ: ಡಾಕ್ಟರಿಗೆ ತಕ್ಷಣ ಫೋನ್ ಮಾಡಿ, ಮೊದಲ ಫೆರಿ ಹಿಡಿಯಿರಿ.