ಲೈಟ್ ಕಂಬಂ ಕಾಡ

ಊರೆಲ್ಲ ಎಲ್‌ಇಡಿ ಆಗಿರುವಾಗ ಅರಳಿಕಟ್ಟೆ ಎದುರಿನ ಆ ಹಳೇ ದೀಪವನ್ನು ಮಾತ್ರ ಯಾಕೆ ಹಾಗೇ ಬಿಟ್ಟಿದ್ದೀರಿ ಅಂತ ಕೇಳಿದ್ರಲ್ಲ, ಅವತ್ತು ನಿಮಗೆ ಬಸ್ಸಿನ ಹೊತ್ತಾಗಿತ್ತು. ಈಗ ನಿಧಾನವಾಗಿ ಹೇಳ್ತೀನಿ.

ನಮ್ಮದು ಮುಳಬಾಗಿಲು ತಾಲ್ಲೂಕು. ನಂಗಲಿ ದಾಟಿದರೆ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಯಾರನ್ನಾದರೂ ಎಲ್ಲಿ ಸಿಗ್ತೀಯ ಅಂತ ಕೇಳಿದರೆ ಒಬ್ಬ 'ಲೈಟ್ ಕಂಬದ ಹತ್ರ' ಅಂತಾನೆ, ಇನ್ನೊಬ್ಬ ಅದನ್ನೇ ತೆಲುಗಲ್ಲಿ 'ಲೈಟ್ ಕಂಬಂ ಕಾಡ' ಅಂತಾನೆ. ಊರಲ್ಲಿ ಈಗ ಎಷ್ಟೋ ಕಂಬಗಳಿವೆ. ಆದರೂ ಬರೀ 'ಲೈಟ್ ಕಂಬ' ಅಂದರೆ ಅದೊಂದೇ.

ಕರೆಂಟಿನ ವಿಷಯದಲ್ಲಿ ನಮ್ಮ ಕೋಲಾರ ಜಿಲ್ಲೆಗೆ ದೊಡ್ಡ ಹೆಸರು. ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ತಂತಿ ಎಳೆದು 1902ರಲ್ಲೇ ಕೆಜಿಎಫ್ ಗಣಿಗೆ ಕರೆಂಟ್ ತಂದರು. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಆದರೆ ನಮ್ಮ ಕಡೆ ಬಂದದ್ದು ಚಿನ್ನ ತೆಗೆಯೋ ಕರೆಂಟು. ಸುತ್ತಲ ಹಳ್ಳಿಗಳು ಆಮೇಲೂ ಎಷ್ಟೋ ವರ್ಷ ಬುಡ್ಡಿ, ಲಾಂದ್ರದಲ್ಲೇ ಕತ್ತಲೆ ಕಳೆದವು. ಅದಕ್ಕೇ ಊರಿಗೆ ಬಂದ ಮೊದಲ ದೀಪದ ಮೇಲೆ ನಮಗೆ ಅಷ್ಟು ಆಸೆ.

ಹತ್ತಿರ ಹೋಗಿ ನೋಡಿದ್ರಾ? ಕಂಬ ಹಳೇ ರೈಲು ಕಂಬಿ. ಮೇಲೆ ಬಾಗಿದ ಕೊಳವೆ, ಅದರ ತುದಿಗೆ ತಟ್ಟೆ ಬೋರಲು ಹಾಕಿದ ಹಾಗೆ ಒಂದು ಮುಚ್ಚಳ. ಹೊರಗೆ ಕಡು ಹಸಿರು, ಒಳಗೆ ಬಿಳಿ. ಅದು ಬಣ್ಣ ಅಲ್ಲ, ಎನಾಮಲ್. ಗಾಜಿನ ಪುಡಿಯನ್ನು ಕಬ್ಬಿಣದ ಮೇಲೆ ಕಾಯಿಸಿ ಕರಗಿಸಿ ಹಿಡಿಸಿರ್ತಾರೆ. ಅದಕ್ಕೇ ಇಷ್ಟು ಮಳೆ ಬಿಸಿಲು ಕಂಡರೂ ಹೊಳಪು ಹೋಗಿಲ್ಲ. ಹುಡುಗರ ಕಲ್ಲೇಟಿಗೆ ಚಕ್ಕೆ ಎದ್ದ ಕಡೆ ಮಾತ್ರ ತುಕ್ಕು ಹಿಡಿದಿದೆ. ಆ ಚಕ್ಕೆಗಳಲ್ಲಿ ಒಂದು ನನ್ನ ಕಲ್ಲಿಂದಲೇ ಆದದ್ದು. ಈಗಲೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ಒಳಗಿರೋದು ಹಿತ್ತಾಳೆಯ ಪಿನ್ ಹೋಲ್ಡರ್. ದೀಪ ಉಳಿದದ್ದು ಅದರಿಂದಲೇ ಅನ್ನಬೇಕು. ಟ್ಯೂಬ್‌ಲೈಟ್ ಬಂತು, ಸೋಡಿಯಂ ದೀಪ ಬಂತು, ಎರಡಕ್ಕೂ ಬೇರೆ ಪೆಟ್ಟಿಗೆಯೇ ಬೇಕಿತ್ತು. ಆದರೆ ಮನೆಗೆ ಹಾಕೋ ಎರಡು ಪಿನ್ನಿನ ಬಲ್ಬಿನ ಬುಡ ಮಾತ್ರ ಬದಲಾಗಲೇ ಇಲ್ಲ. ಹಳೇ ತಂತಿಯ ಬಲ್ಬು ಸಿಗೋದು ಕಷ್ಟವಾದಾಗ ಅದೇ ಹೋಲ್ಡರಿಗೆ 9 ವ್ಯಾಟ್‌ನ ಎಲ್‌ಇಡಿ ಬಲ್ಬು ಹಾಕಿದೆವು, ಕೂತುಕೊಂಡಿತು. ಬೆಳಕು ಬೆಳ್ಳಗಿದ್ದದ್ದು ಅಜ್ಜಿಯರಿಗೆ ಹಿಡಿಸಲಿಲ್ಲ. ಆಮೇಲೆ ಹಳದಿ ಬೆಳಕಿನದು ಹುಡುಕಿ ತಂದೆವು.

ಒಂದು ಸಲ ಹೊಸ ದೀಪ ಹಾಕೋಕೆ ಬಂದವರು ಇದನ್ನೂ ಬಿಚ್ಚಿ ಗುಜರಿಗೆ ಹಾಕೋಣ ಅಂದರು. ಕಟ್ಟೆ ಮೇಲೆ ಕೂತಿದ್ದ ಹಿರಿಯರು ಎದ್ದು ಬಂದರು. 'ಬೇಕಾದರೆ ಪಕ್ಕದಲ್ಲಿ ಇನ್ನೊಂದು ಹಾಕ್ರಪ್ಪಾ, ಇದನ್ನ ಮುಟ್ಟಬೇಡಿ' ಅಂದರು. ಅವರಲ್ಲಿ ಎಷ್ಟೋ ಜನ ಅದರ ಕೆಳಗೇ ಕೂತು ಪರೀಕ್ಷೆಗೆ ಓದಿದವರು. ಮನೆಯಲ್ಲಿ ಕರೆಂಟ್ ಇರಲಿಲ್ಲ, ಬೀದಿಯಲ್ಲಿತ್ತು, ಅಲ್ವಾ?

ಸಂಜೆ ಸ್ವಿಚ್ ಹಾಕೋದು ಈಗಲೂ ನಮ್ಮ ನೀರುಗಂಟಿ. ಕೆರೆ ತೂಬು ಎತ್ತಿ ಗದ್ದೆಗೆ ನೀರು ಬಿಡೋದು ಅವರ ಮನೆತನದ ಕೆಲಸ. ಕೆರೆಯಲ್ಲಿ ನೀರು ಕಡಿಮೆಯಾಗಿ ತೂಬಿನ ಕೆಲಸ ಅಪರೂಪವಾಯಿತು. ಕೊಳಾಯಿ ನೀರು, ಬೀದಿ ದೀಪ ಅವರ ಪಾಲಿಗೆ ಬಂದವು.

ಮತ್ತೆ ಬರೋದಾದರೆ ಮೊದಲ ಮಳೆ ಹುಯ್ದ ಸಂಜೆಗೆ ಬನ್ನಿ. ನೆಲದೊಳಗಿಂದ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಎದ್ದು ಆ ಬೆಳಕಿಗೇ ಮುತ್ತಿಕೊಳ್ಳುತ್ತವೆ. ಕೆಳಗೆ ಬೋಗುಣಿಯಲ್ಲಿ ನೀರಿಟ್ಟು ಮಕ್ಕಳು ಕಾಯ್ತಾ ಇರ್ತಾರೆ. ರೆಕ್ಕೆಗಳು ಉದುರಿ ಕಟ್ಟೆ ಪೂರ್ತಿ ಬೆಳ್ಳಗಾಗುತ್ತೆ.